ರೆಕ್ಕೆಗೆ ಮಾಡಿದ ಪೂಜೆ

ಗೌರಮ್ಮನ ಬಾಯಿಗೆ ಹೆದರದವರು ಸುದ್ದಗುಂಟೆಪಾಳ್ಯದಲ್ಲೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಎದುರಿಗಿರುವವರ ಮುಖ ನೋಡಿಕೊಂಡೇ ಹೇಳಿಬಿಡುವ ಹೆಂಗಸು. ಹಾಲಿನವನು ನೀರು ಬೆರೆಸಿದ ದಿನ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಗಂಡ ಬೈರಣ್ಣ ತನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ತುಕ್ಕು ಹಿಡಿದ ಚಿಲಕ ದಾಟಿಸಲು ನೋಡಿದರೆ ಗಿರಾಕಿಯ ಎದುರಿಗೇ ಅವನ ಮಾನ ತೆಗೆಯುತ್ತಿದ್ದಳು. "ತಪ್ಪು ಮಾಡಿದ್ಮೇಲೆ ಹೌದಪ್ಪಾ, ಮಾಡ್ದೆ ಅಂತ ಒಪ್ಕೊಂಡ್ಬಿಡ್ಬೇಕು. ಅದರಲ್ಲಿ ನಮ್ಮ ಗಂಟೇನು ಹೋಗುತ್ತೆ?" ಅನ್ನುವುದು ಅವಳ ಮಾತು. ಅಂಥ ಗೌರಮ್ಮ ೧೯೯೯ರ ದಸರಾ ಆದ ಮೇಲೆ ಹತ್ತು ದಿನ ಬಾಯಿಗೆ ಬೀಗ ಜಡಿದುಕೊಂಡು ಕೂತಳು. ಅದೂ ಒಂದು ಮರದ ರೆಕ್ಕೆಯ ದೆಸೆಯಿಂದ.

ಮಹಡಿಯ ಮೇಲಿನ ಎರಡು ಕೋಣೆಗೆ ಆ ವರ್ಷ ಆಷಾಢಕ್ಕೆ ಮೊದಲು ಬಾಡಿಗೆಗೆ ಬಂದವರು ಸಂಗಮೇಶ ಮತ್ತು ಅವನ ಹೆಂಡತಿ ಪಾರವ್ವ. ಬೀಳಗಿ ಕಡೆಯವರು, ಹೊಸದಾಗಿ ಮದುವೆಯಾದವರು. ಅವನಿಗೆ ಜಯನಗರದ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ. ಅವಳಿಗೆ ಇಪ್ಪತ್ತೊಂದು ವರ್ಷ. ಊರು ಬಿಟ್ಟು ಬಂದದ್ದು ಅದೇ ಮೊದಲು. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಸೊಪ್ಪಿನವಳ ಹತ್ತಿರ ಎಷ್ಟಕ್ಕೆ ಇಳಿಸಿ ಕೇಳಬೇಕು, ಎಲ್ಲವನ್ನೂ ಗೌರಮ್ಮನೇ ಕಲಿಸಿಕೊಟ್ಟಳು. ಗೌರಮ್ಮನಿಗೆ ಇದ್ದ ಇಬ್ಬರೂ ಗಂಡುಮಕ್ಕಳು. ಮನೆಯಲ್ಲಿ ಒಂದು ಹೆಣ್ಣುಮಗುವಿನ ಗೆಜ್ಜೆಯ ಸದ್ದಿಲ್ಲವಲ್ಲ ಅನ್ನುವ ಕೊರಗು ಇದ್ದೇ ಇತ್ತು. ಪಾರವ್ವ "ಅಕ್ಕಾರ, ಅಕ್ಕಾರ" ಎಂದು ಹಿಂದೆ ಮುಂದೆ ಸುತ್ತಿದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು.

ಒಂದು ಭಾನುವಾರ ಸಂಗಮೇಶ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿದ. ಗಿರಿನಗರದಲ್ಲಿ ಪುಟ್ಟ ವಿಮಾನ ಹಾರಿಸುತ್ತಿದ್ದ ಒಬ್ಬರು ಆ ಹವ್ಯಾಸ ಬಿಟ್ಟು ತಮ್ಮ ಸಾಮಾನನ್ನೆಲ್ಲ ಇವನಿಗೆ ಮಾರಿದ್ದರಂತೆ. ಇಂಜಿನ್ನು, ಕೈಯಲ್ಲಿ ಹಿಡಿಯುವ ರೇಡಿಯೋ, ಜೊತೆಗೆ ಮುಟ್ಟದೆ ಇಟ್ಟಿದ್ದ, ವಿಮಾನ ಕಟ್ಟಿಕೊಳ್ಳುವ ಈ ಕಿಟ್ಟು. ಚಿಕ್ಕಂದಿನಲ್ಲಿ ಹೊಲದ ಮೇಲೆ ವಿಮಾನ ಹೋದರೆ ಎತ್ತು ಬಿಟ್ಟು ಹಿಂದೆ ಓಡಿ ಅಪ್ಪನ ಕೈಲಿ ಏಟು ತಿಂದವನು ಅವನು. ಏನಿದೆ ಪೆಟ್ಟಿಗೆಯಲ್ಲಿ ಅಂತ ಗೌರಮ್ಮ ಹಿಂದೆಯೇ ಹೋಗಿ ನೋಡಿದರೆ, ದೊಡ್ಡದೊಂದು ನಕ್ಷೆ, ಒಂದಷ್ಟು ಕಡ್ಡಿ, ತೆಳ್ಳಗಿನ ಮರದ ಹಾಳೆಗಳು.

"ಇದೇನಪ್ಪಾ ಸಂಗಮೇಶ, ಮರಾನೋ ಹಪ್ಪಳಾನೋ?" ಎಂದು ಒಂದು ಹಾಳೆಯನ್ನು ಬೆರಳಲ್ಲಿ ಎತ್ತಿದಳು. ಭಾರವೇ ಇರಲಿಲ್ಲ.

"ಬಾಲ್ಸಾ ಅಂತಾರ್ರಿ ಅಕ್ಕಾರ. ಮರದಾಗ ಇದರಷ್ಟು ಹಗೂರ ಯಾವುದೂ ಸಿಗೂದಿಲ್ಲ," ಅಂದ ಅವನು. "ಆದ್ರ ಇದಕ್ಕ ನೀರು ಹತ್ತಬಾರದು ನೋಡ್ರಿ. ಹತ್ತಿತಂದ್ರ ತಿರುಚಿಕೋತೈತಿ."

ಈ ಮಾತನ್ನು ಗೌರಮ್ಮ ಕಿವಿಯಾರೆ ಕೇಳಿದ್ದಳು. ಆಮೇಲೆ ಎಷ್ಟು ಬೇಡವೆಂದರೂ ಅವಳಿಗೆ ಮತ್ತೆ ಮತ್ತೆ ನೆನಪಾದದ್ದು ಇದೇ ಮಾತು.

ಮೊದಲು ಕಟ್ಟಬೇಕಾದದ್ದು ರೆಕ್ಕೆಯಂತೆ. ಅದಕ್ಕೆ ಒಂದಿಷ್ಟೂ ಉಬ್ಬು ತಗ್ಗಿಲ್ಲದ ಹಲಗೆ ಬೇಕು. ಹಲಗೆ ಸೊಟ್ಟಗಿದ್ದರೆ ರೆಕ್ಕೆಯೂ ಸೊಟ್ಟ. ಬೈರಣ್ಣನ ಗೋಡೌನಿನಲ್ಲಿ ಮೂಲೆ ಮುರಿದು ಬಿದ್ದಿದ್ದ ಒಂದು ಸಪಾಟು ಫ್ಲಶ್ ಡೋರ್ ಬಾಗಿಲನ್ನು ಗೌರಮ್ಮನೇ ಮೇಲಕ್ಕೆ ಹೊರಿಸಿದಳು. ಸಂಗಮೇಶ ಅದರ ಮೇಲೆ ನಕ್ಷೆ ಹಾಸಿ, ನಕ್ಷೆಗೆ ಅಂಟು ಹತ್ತದಿರಲೆಂದು ಮೇಲೊಂದು ಪ್ಲಾಸ್ಟಿಕ್ ಹಾಳೆ ಬಿಗಿದ. ಮರದ ಹಾಳೆಯಿಂದ ಹೂರಣಗಡುಬಿನ ಅರ್ಧದಂಥ ತುಂಡುಗಳನ್ನು ಬ್ಲೇಡಿನಲ್ಲಿ ಕೊಯ್ದು, ಎಲ್ಲವನ್ನೂ ಒಟ್ಟಿಗೆ ಕಟ್ಟಿ, ಒಂದೇ ಅಳತೆಗೆ ಬರುವ ತನಕ ಉಪ್ಪುಕಾಗದದಲ್ಲಿ ಉಜ್ಜಿದ. ಅವು ರೆಕ್ಕೆಯ ಪಕ್ಕೆಲುಬು. ನಕ್ಷೆಯ ಮೇಲೆ ಉದ್ದನೆಯ ಕಡ್ಡಿಯನ್ನು ಗುಂಡುಪಿನ್ನಿನಿಂದ ಹಿಡಿಸಿ, ಅದರ ಮೇಲೆ ಪಕ್ಕೆಲುಬುಗಳನ್ನು ಒಂದೊಂದಾಗಿ ನಿಲ್ಲಿಸಿ, ಮೂಲೆಮಟ್ಟ ಹಿಡಿದು ನೋಡಿ, ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಫೆವಿಕಾಲ್ ಇಟ್ಟು ಅಂಟಿಸುತ್ತಿದ್ದ. ಒಂದು ಭಾನುವಾರಕ್ಕೆ ನಾಲ್ಕು ಪಕ್ಕೆಲುಬು ನಿಂತರೆ ಹೆಚ್ಚು. ಗೌರಮ್ಮ ಬೆಳ್ಳುಳ್ಳಿ ಸುಲಿಯುವ ನೆಪದಲ್ಲಿ ಮೇಲೆ ಹೋಗಿ ಪಾರವ್ವನ ಪಕ್ಕ ಕೂತು ಇದನ್ನೇ ನೋಡುತ್ತಿದ್ದಳು.

ಅರ್ಧ ರೆಕ್ಕೆ ಮುಗಿಯಿತು. ಇನ್ನರ್ಧಕ್ಕೆ ನಕ್ಷೆಯೇ ಇಲ್ಲ! ನಕ್ಷೆಯಲ್ಲಿ ಬರೆದಿದ್ದದ್ದು ಬಲಗಡೆಯದು ಮಾತ್ರ. ಅದನ್ನೇ ನೋಡಿ ಇನ್ನೊಂದು ಕಟ್ಟಿದರೆ ಎರಡೂ ಬಲರೆಕ್ಕೆಯಾಗಿ ಕೂರುತ್ತವೆ. ಸಂಗಮೇಶ ತಲೆ ಕೆರೆದುಕೊಳ್ಳುತ್ತ ಕೂತಿದ್ದಾಗ ಉಪಾಯ ಹೇಳಿದವಳು ಗೌರಮ್ಮ. "ಅಯ್ಯೋ, ಅಷ್ಟೇ ತಾನೆ? ಬೋಂಡಾ ಕಟ್ಟಿಕೊಟ್ಟ ಪೇಪರ್ ನೋಡಿಲ್ವಾ? ಎಣ್ಣೆ ಹೀರಿದ ಕಡೆ ಹಿಂದಿನ ಅಕ್ಷರ ಮುಂದಕ್ಕೆ ಕಾಣುತ್ತೆ. ಎಣ್ಣೆ ಸವರಿ ತಿರುವಿ ಹಾಕು." ಕೆಳಗೆ ಓಡಿ ಕೊಬ್ಬರಿ ಎಣ್ಣೆಯ ಬಾಟಲಿ ತಂದು ತಾನೇ ಸವರಿದಳು. ಗೆರೆಗಳೆಲ್ಲ ಹಿಂಬದಿಯಲ್ಲಿ ನಿಚ್ಚಳವಾಗಿ ಮೂಡಿದವು. ಸಂಗಮೇಶ ಕೈ ಮುಗಿದು, "ಅಕ್ಕಾರ, ಎಡಗಡಿ ರೆಕ್ಕಿ ನಿಮ್ಮದ ನೋಡ್ರಿ," ಅಂದ. ಆವತ್ತಿನಿಂದ ಗೌರಮ್ಮನಿಗೆ ಅದು 'ನಮ್ಮ ರೆಕ್ಕೆ' ಆಯಿತು. ತರಕಾರಿ ಅಂಗಡಿಯಲ್ಲೂ ಅದೇ ಸುದ್ದಿ, ನೆಂಟರ ಮನೆಯಲ್ಲೂ ಅದೇ ಸುದ್ದಿ.

ದಸರಾ ಬರುವ ಹೊತ್ತಿಗೆ ಎರಡು ಅರ್ಧಗಳನ್ನೂ ನಡುವೆ ಜೋಡಿಸಿ ಆಗಿತ್ತು. ಮೇಲೆ ಬಣ್ಣದ ಪ್ಲಾಸ್ಟಿಕ್ಕನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಅಂಟಿಸುವುದೊಂದು ಬಾಕಿ. ಸಂಗಮೇಶ ಅದನ್ನು ಎತ್ತಿ ಹಿಡಿದು, "ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡ್ರಿ ಅಕ್ಕಾರ. ಎರಡೂ ಕಡಿ ಅಂಚು ಒಂದ ಗೆರಿಗೆ ಬಂದ್ರ ನೆಟ್ಟಗ ಹಾರತೈತಿ. ಒಂದು ತುದಿ ತಿರುಚಿತ್ತಂದ್ರ ಮ್ಯಾಲ ಹೋಗಿದ್ದ ತಡ, ಹೊಳ್ಳಿ ನೆಲಕ್ಕ," ಅಂದ. ಗೌರಮ್ಮ ನೋಡಿದಳು. ಒಂದೇ ಗೆರೆ. ಎದೆಯುಬ್ಬಿತು.

ಹಬ್ಬಕ್ಕೆ ಗಂಡಹೆಂಡಿರಿಬ್ಬರೂ ಊರಿಗೆ ಹೊರಟರು. ನೀರು ಬಂದ ದಿನ ಡ್ರಮ್ಮು ತುಂಬಿಸಿಡಲೆಂದು ಕೀಲಿಕೈ ಗೌರಮ್ಮನ ಕೈಗೆ ಬಂತು.

ಆಯುಧಪೂಜೆಯ ದಿನ ಆ ಮನೆಯಲ್ಲಿ ಪೂಜೆಯಿಲ್ಲದ ಸಾಮಾನು ಇರುತ್ತಿರಲಿಲ್ಲ. ಇವತ್ತು ಬಿಟಿಎಂ ಲೇಔಟಿನ ಬಂಗಲೆಗಳು ನಿಂತಿರುವ ಕಡೆ ಗೌರಮ್ಮನ ಮಾವನವರು ಹಿಂದೆ ರಾಗಿ ಬೆಳೆಯುತ್ತಿದ್ದರು. ಹೊಲ ಹೋಗಿ ವರ್ಷಗಳಾಗಿದ್ದರೂ ಕುಡುಗೋಲು, ನೇಗಿಲಿನ ಗುಳ ಅಟ್ಟದಿಂದ ಇಳಿದು ತೊಳೆಸಿಕೊಂಡು ಕುಂಕುಮ ಇಡಿಸಿಕೊಳ್ಳುತ್ತಿದ್ದವು. ಆಮೇಲೆ ಅಂಗಡಿಯ ತಕ್ಕಡಿ, ಬೈರಣ್ಣನ ಸ್ಕೂಟರು, ಮಕ್ಕಳ ಬೈಕು, ಗ್ರೈಂಡರು, ಹೊಲಿಗೆ ಮಿಷನ್ನು. ಎಲ್ಲ ಮುಗಿಸಿ ಸೇವಂತಿಗೆ ಹಾರ ಇನ್ನೂ ಎರಡು ಮೊಳ ಉಳಿಯಿತು. ಗೌರಮ್ಮನಿಗೆ ಮಹಡಿ ನೆನಪಾಯಿತು. ಅಲ್ಲಾ, ನಾಳೆ ಆಕಾಶಕ್ಕೆ ಹಾರುವ ಸಾಮಾನು, ಅದಕ್ಕೇ ಪೂಜೆ ಬೇಡವೇ?

ನೀರಿನ ಮಾತು ನೆನಪಾಗಲಿಲ್ಲವೆಂದರೆ ಸುಳ್ಳು. ಬಾಗಿಲು ತೆಗೆಯುವಾಗ ನೆನಪಾಯಿತು. 'ಕಲಶದ ನೀರು ನೀರಾ? ಅದು ತೀರ್ಥ,' ಅಂದುಕೊಂಡಳು. ಪೂಜೆಗೆ ಮೊದಲು ಯಾವ ಸಾಮಾನನ್ನಾದರೂ ತೊಳೆಯಬೇಕು. ಇದನ್ನು ತೊಳೆಯುವಂತಿಲ್ಲ ಅನ್ನುವಷ್ಟು ಬುದ್ಧಿ ಅವಳಿಗೂ ಇತ್ತು. ರೆಕ್ಕೆ ಸೊಟ್ಟಗಾಗದಿರಲೆಂದು ಸಂಗಮೇಶ ಮೇಲೆ ಹೇರಿ ಹೋಗಿದ್ದ ಪುಸ್ತಕಗಳನ್ನು ಬದಿಗಿಟ್ಟು, ಒದ್ದೆ ಬಟ್ಟೆಯಲ್ಲಿ ತುದಿಯಿಂದ ತುದಿಗೆ ಚೆನ್ನಾಗಿ ಒರೆಸಿದಳು. ಅವರು ಲಿಂಗಾಯತರಲ್ಲವೇ ಅಂತ ವಿಭೂತಿ ಕಲಸಿ ಮೂರು ಪಟ್ಟೆ ಎಳೆದಳು, ಕುಂಕುಮ ಇಟ್ಟಳು. ನೀರು ಚಿಮುಕಿಸಿದ ಹಾರವನ್ನು ಎರಡು ರೆಕ್ಕೆಯ ಮೇಲೂ ಇಳಿಬಿಟ್ಟು, ಮಾವಿನೆಲೆಯಿಂದ ಅರಿಶಿನದ ನೀರನ್ನು ಮೂರು ಸಲ ಪ್ರೋಕ್ಷಣೆ ಮಾಡಿ, ಕರ್ಪೂರ ಬೆಳಗಿದಳು. "ಎಲ್ಲೂ ಮುಗ್ಗರಿಸದ ಹಾಗೆ ಕಾಪಾಡಪ್ಪಾ ಬಸವಣ್ಣ," ಎಂದು ಮನಸ್ಸಿಟ್ಟು ಬೇಡಿಕೊಂಡಳು. ಮಾರನೆಯ ದಿನ ಹಾರ ತೆಗೆದಾಗ ಮರ ತಣ್ಣಗೆ ಹಸಿಯಾಗಿತ್ತು. ಒಣಗಲಿ ಅಂತ ಕಿಟಕಿಯ ಬಿಸಿಲಿಗೆ ಒಂದು ಮೂಲೆ ಊರಿ ಗೋಡೆಗೆ ಆನಿಸಿಟ್ಟು ಇಳಿದುಹೋದಳು.

ಸಂಜೆ ಬಂದು ಒಂದು ಕಣ್ಣು ಮುಚ್ಚಿ ನೋಡಿದಳು. ಎಡಗಡೆಯ ತುದಿ ಒಣಗಿದ ಬಾಳೆಲೆಯ ಹಾಗೆ ತಿರುಚಿಕೊಂಡಿತ್ತು.

ಸುಮ್ಮನೆ ಬಿಟ್ಟಿದ್ದರೂ ಆಗುತ್ತಿತ್ತೇನೋ, ಕೈ ಸುಮ್ಮನಿರಬೇಕಲ್ಲ! ನೆಟ್ಟಗೆ ಮಾಡುತ್ತೇನೆ ಅಂತ ಹಲಗೆಯ ಮೇಲೆ ಮಲಗಿಸಿ ಅಂಗೈಯಿಂದ ಒತ್ತಿದಳು. ಪಟ್ ಅಂದಿತು. ಎರಡು ಪಕ್ಕೆಲುಬು ಅಂಟು ಬಿಟ್ಟು ಮುರಿದವು. ಗೌರಮ್ಮ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಸೆರಗಿನಿಂದ ಕುಂಕುಮ, ವಿಭೂತಿ ಒರೆಸಿದಳು, ನೆಲದ ಮೇಲಿನ ಎಸಳು ಆರಿಸಿದಳು, ರೆಕ್ಕೆಯನ್ನು ಮೊದಲಿದ್ದ ಹಾಗೇ ಇಟ್ಟು, ಮೊದಲಿದ್ದ ಪುಸ್ತಕಗಳನ್ನೇ ಅದರ ಮೇಲಿಟ್ಟು, ಬೀಗ ಹಾಕಿದಳು. ಐವತ್ತೆರಡು ವರ್ಷದಲ್ಲಿ ಕಳ್ಳತನ ಅಂದರೇನೆಂದು ತಿಳಿಯದವಳು ತನ್ನ ಮನೆಯ ಮೆಟ್ಟಿಲನ್ನೇ ಕಳ್ಳಿಯ ಹಾಗೆ ಇಳಿದಳು.

ಗಂಡನ ಹತ್ತಿರ ಮಾತ್ರ ಹೇಳಿದಳು. ಬೈರಣ್ಣ ಎಲೆಯಡಿಕೆ ಮೆಲ್ಲುತ್ತ, "ಬಂದ ತಕ್ಷಣ ಹೇಳ್ಬಿಡು, ಇಲ್ಲಾ ಸುಮ್ನಿದ್ಬಿಡು. ಎರಡರ ಮಧ್ಯೆ ಒದ್ದಾಡ್ಬೇಡ ಕಣೇ," ಅಂದ. "ಮನೆ ಓನರ್ ಆಗಿ ಬಾಡಿಗೆಯವರ ಮುಂದೆ ಕೈ ಕಟ್ಕೊಂಡು ನಿಂತ್ಕೋತೀಯಾ?" ಎಂದೂ ಸೇರಿಸಿದ. ಮೊದಲನೆಯ ಮಾತನ್ನು ಬಿಟ್ಟು ಗೌರಮ್ಮ ಎರಡನೆಯದನ್ನು ಹಿಡಿದುಕೊಂಡಳು.

ಭಾನುವಾರ ಬೆಳಗ್ಗೆ ಅವರು ಬಂದರು. ಪಾರವ್ವ ಊರಿನ ಕರದಂಟು ಕೊಟ್ಟು ಮೇಲೆ ಹೋದಳು. ಗೌರಮ್ಮ ಒಲೆಯ ಮುಂದೆ ನಿಂತು ಕಿವಿಯನ್ನು ಮೇಲಕ್ಕಿಟ್ಟಳು. ಚೀಲ ಇಳಿಸಿದ ಸದ್ದು ಕೇಳಿತು. ಆಮೇಲೆ ಸಂಗಮೇಶನ ದನಿ ಏರಿತು.

"ಏನ ಮಾಡಿಟ್ಟೀ ಪಾರೂ ಇದನ್ನ?"

"ನಾ ಏನ ಮಾಡೀನ್ರಿ?"

"ಹೋಗೂ ಹಿಂದಿನ ದಿನಾ ಮಳಿ ಅಂತ ಹೇಳಿ ಇಲ್ಲಿ ಹಗ್ಗ ಕಟ್ಟಿ ಹಸಿ ಬಟ್ಟಿ ಹಾಕಿದ್ದಿಲ್ಲ? ನೀರು ಹತ್ತಬಾರದು ಅಂತ ನೂರ ಸಲ ಬಡಕೊಂಡೀನಿ. ಮೂರು ತಿಂಗಳ ಕೆಲಸ! ಒಂದು ವಿಷಯದಾಗರ ಲಕ್ಷ್ಯ ಐತೇನು ನಿನಗ?"

ಪಾರವ್ವ ಏನೋ ಅಂದಳು, ಕೇಳಿಸಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ಈಗ ಹೋಗಬೇಕು, ಈಗಲೇ ಹೋಗಬೇಕು ಅಂತ ಗೌರಮ್ಮ ಮೊದಲ ಮೆಟ್ಟಿಲಿನ ತನಕ ಹೋದಳು. ಅಲ್ಲಿ ನಿಂತಳು. ಹಾಲು ಉಕ್ಕುತ್ತಿದೆ ಅಂತ ತನಗೆ ತಾನೇ ಹೇಳಿಕೊಂಡು ವಾಪಸಾದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಮಾರನೆಯ ದಿನ ನಲ್ಲಿಯ ಹತ್ತಿರ ಪಾರವ್ವ ಸಿಕ್ಕಳು. ಕಣ್ಣು ಊದಿಕೊಂಡಿದ್ದವು. "ತಪ್ಪು ನಂದ ಐತ್ರಿ ಅಕ್ಕಾರ. ಒಂದ ರಾತ್ರಿ ಬಟ್ಟಿ ಹಾಕಿದ್ದೆ, ಹನಿ ಬಿದ್ದಿರಬೇಕು. ನಿನ್ನಿಯಿಂದ ಅವರು ಮಾತಾಡಿಲ್ಲ. ಆ ಹಗ್ಗ ಕಿತ್ತು ಒಗದೆ," ಅಂದಳು.

ಈಗ ಗೌರಮ್ಮ ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಅವಳು ಹೇಳಿದ್ದು ಬೇರೆ. ಪಾರವ್ವನ ತಲೆ ಸವರಿ, "ಗಂಡಸರ ಸಾಮಾನಿನ ಹತ್ರ ಸ್ವಲ್ಪ ಹುಷಾರಾಗಿರ್ಬೇಕಮ್ಮ. ಮುಂದಿನ ಸಲ ನೋಡ್ಕೊಂಡು ಮಾಡು," ಅಂದಳು! ನಾಲಿಗೆಯಿಂದ ಆ ಮಾತು ಜಾರಿದ್ದೇ ತಡ, ಅವಳಿಗೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕು ಅನ್ನಿಸಿತು. ಪಾರವ್ವ ಮಾತ್ರ ತಲೆಯಾಡಿಸಿ, "ಹೌದ್ರಿ," ಅಂದು ಬಿಂದಿಗೆ ಎತ್ತಿಕೊಂಡಳು.

ಅಲ್ಲಿಂದ ಗೌರಮ್ಮನಿಗೆ ಊಟ ಸೇರಲಿಲ್ಲ. ತಪ್ಪನ್ನು ತಿಂಡಿಯಲ್ಲಿ ತೀರಿಸಲು ನೋಡಿದಳು. ಒಂದು ದಿನ ಒಬ್ಬಟ್ಟು, ಒಂದು ದಿನ ಕೋಡುಬಳೆ ಮೇಲಕ್ಕೆ ಹೋದವು. ಡಬ್ಬಿ ತೊಳೆದು ವಾಪಸು ಕೊಡುವಾಗ ಪಾರವ್ವ, "ನೀವು ಇರದಿದ್ರ ಈ ಊರಾಗ ನನಗ ಯಾರದಾರ್ರಿ?" ಅನ್ನುತ್ತಿದ್ದಳು. ಇದಕ್ಕಿಂತ ಅವಳು ಜುಟ್ಟು ಹಿಡಿದು ನಾಲ್ಕು ಬಾರಿಸಿದ್ದರೆ ವಾಸಿಯಿತ್ತು. ಹಾಲಿನವನು ಎರಡು ದಿನ ನೀರು ಹಾಲು ಕೊಟ್ಟುಹೋದ. ಗೌರಮ್ಮ ಅವನನ್ನು ಒಂದು ಮಾತೂ ಅನ್ನಲಿಲ್ಲ. ಯಾವ ಮುಖ ಇಟ್ಟುಕೊಂಡು ಅನ್ನುವುದು?

ದೀಪಾವಳಿಗೆ ನಾಲ್ಕು ದಿನ ಇರುವಾಗ ಪಾರವ್ವ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಏನಮ್ಮಾ ಅಂದದ್ದಕ್ಕೆ ಅಳು ಒಡೆದುಬಂತು. ಮದುವೆಯಾದ ಮೊದಲ ದೀಪಾವಳಿ. ಅಳಿಯ ಬರುತ್ತಾನೆಂದು ತವರಿನಲ್ಲಿ ಹೊಸ ಬಟ್ಟೆ ತಂದು, ಊರಿಗೆಲ್ಲ ಹೇಳಿಕೊಂಡು ಕಾಯುತ್ತಿದ್ದರು. "ನೀ ಬೇಕಾದ್ರ ಹೋಗು, ನಾ ಬರೂದಿಲ್ಲ ಅಂತಾರ್ರಿ. ಒಬ್ಬಾಕಿನ ಹೋದ್ರ ನಮ್ಮಪ್ಪ ಊರಾಗ ಹೆಂಗ ತಲಿ ಎತ್ತತಾನ್ರಿ? ಒಂದ ಹಸಿ ಬಟ್ಟಿ ಹಾಕಿದ್ದಕ್ಕ ಇಷ್ಟು ಶಿಕ್ಷಾ ಏನ್ರಿ ಅಕ್ಕಾರ?"

ಗೌರಮ್ಮ ದೇವರಮನೆಗೆ ಹೋಗಿ ಕೂತಳು. ಕಲಶ ನೋಡಲೂ ನಾಚಿಕೆಯಾಯಿತು. ಸಂಜೆ ಸಂಗಮೇಶ ಆಫೀಸಿನಿಂದ ಬಂದ ಸದ್ದು ಕೇಳಿದ ಮೇಲೆ ಸೆರಗು ಹೊದ್ದುಕೊಂಡು ಮೆಟ್ಟಿಲು ಹತ್ತಿದಳು. ಬೈರಣ್ಣ ಕೆಳಗಿನಿಂದ, "ಎಲ್ಲಿಗೆ?" ಅಂದ. "ಮಾನ ಕಳ್ಕೊಳ್ಳೋಕೆ," ಅಂದಳು.

ಸಂಗಮೇಶ ಕುರ್ಚಿಯಲ್ಲಿ ಕೂತು ಶೂ ಬಿಚ್ಚುತ್ತಿದ್ದ. ಒಳಗಿನ ಕೋಣೆಯಲ್ಲಿ ಪಾರವ್ವ ರೊಟ್ಟಿ ಬಡಿಯುತ್ತಿದ್ದಳು. ಮುರಿದ ರೆಕ್ಕೆ ಕಪಾಟಿನ ಮೇಲೆ ಬಿದ್ದಿತ್ತು. ಗೌರಮ್ಮ ಕೂರಲಿಲ್ಲ. ಕೂತರೆ ಮಾತು ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

"ಸಂಗಮೇಶ, ಆ ರೆಕ್ಕೆ ಹಾಳು ಮಾಡಿದ್ದು ನಾನು ಕಣಪ್ಪ. ಆಯುಧಪೂಜೆ ದಿನ ಒದ್ದೆ ಬಟ್ಟೇಲಿ ಒರೆಸ್ದೆ, ಹಾರ ಹಾಕ್ದೆ, ಬಿಸಿಲಿಗಿಟ್ಟೆ. ಸೊಟ್ಟಗಾಯ್ತು ಅಂತ ಒತ್ತೋಕೆ ಹೋಗಿ ಮುರಿದಿದ್ದೂ ನಾನೇ. ಆಮೇಲೆ ಏನೂ ಗೊತ್ತಿಲ್ಲದೋಳ ಥರ ಇದ್ದೆ. ಆ ಮಗೂದು ಏನೂ ತಪ್ಪಿಲ್ಲ. ಬೈಯೋದಾದ್ರೆ ನನ್ನ ಬೈ."

ರೊಟ್ಟಿ ಬಡಿಯುವ ಸದ್ದು ನಿಂತಿತು.

ಸಂಗಮೇಶ ಗಡಬಡಿಸಿ ಎದ್ದು ನಿಂತ. "ಛೇ ಛೇ, ನಿಮಗ್ಯಾಕ್ರಿ ಬೈಲಿ? ಬಿಡ್ರಿ ಅಕ್ಕಾರ, ನನಗ ಗೊತ್ತಿತ್ತು," ಅಂದ. ದೊಡ್ಡ ಮನಸ್ಸು ತೋರಿಸುವವನ ದನಿಯಲ್ಲೇ ಅಂದ.

"ಏನು ಗೊತ್ತಿತ್ತು?"

"ಆವತ್ತ ಸಂಜೀಕ ತಿರುಗಿಸಿ ನೋಡಿದಾಗ ಪಕ್ಕೆಲುಬಿನ ಸಂದ್ಯಾಗ ಕುಂಕುಮ ಇತ್ರಿ. ಒಂದ ಸೇವಂತಿಗಿ ಎಸಳೂ ಇತ್ತು. ನಾವು ಊರಾಗಿದ್ವಿ, ಕೀಲಿ ನಿಮ್ಮ ಕಡೆ ಇತ್ತು."

ಗೌರಮ್ಮ ಬೆಪ್ಪಾದಳು. "ಗೊತ್ತಾದ್ಮೇಲೂ ಅವಳ ಹತ್ರ ಮಾತು ಬಿಟ್ಟೆಯಾ? ದೀಪಾವಳಿಗೆ ಬರಲ್ಲ ಅಂದೆಯಾ?"

"ನೀವು ದೊಡ್ಡವರು, ಮನಿ ಮಾಲಕರು. ನಿಮಗ ಹೆಂಗ ಅನ್ನಾಕ ಬರ್ತೈತ್ರಿ?" ಅವನು ನೆಲ ನೋಡಿದ. ದನಿ ಸಣ್ಣದಾಯಿತು. "ಅಕಿಗೆ ಮೊದಲ ಅಂದುಬಿಟ್ಟಿದ್ದೆ. ಅಂದ ಮಾತು ಹೆಂಗ ಹಿಂದ ತಗೊಳ್ಳೂದು ಅಂತ... ಸಿಟ್ಟೂ ಇತ್ರಿ. ಹಂಗ ಬೆಳಕೋತ ಹೋತು."

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ! ಗೌರಮ್ಮನ ನಾಲಿಗೆಯ ತುದಿಗೆ ಬಂತು, ಥೂ ನಿನ್ನ ಅನ್ನಲು. ಬಂದದ್ದು ಅಲ್ಲೇ ನಿಂತಿತು. ಅವನಂತೂ ಹೆಂಡತಿಗೆ ಅಂದ ಮಾತನ್ನು ನುಂಗಲಾರದೆ ಒದ್ದಾಡಿದ. ತಾನು ನಲ್ಲಿಯ ಹತ್ತಿರ ನಿಂತು ಅದೇ ಹುಡುಗಿಗೆ ಬುದ್ಧಿ ಹೇಳಿದವಳಲ್ಲವೇ? ಅವನನ್ನು ಬೈಯುವ ಯೋಗ್ಯತೆಯೂ ತನಗೆ ಉಳಿದಿಲ್ಲ ಎಂದು ತಿಳಿದಾಗ ಗೌರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪಾರವ್ವ ಬಾಗಿಲಿಗೆ ಬಂದು ನಿಂತಿದ್ದಳು. ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಒಮ್ಮೆ ಗಂಡನನ್ನು ನೋಡಿದಳು, ಒಮ್ಮೆ ಗೌರಮ್ಮನನ್ನು ನೋಡಿದಳು.

"ನಿಮಗೂ ಗೊತ್ತಿತ್ತು. ಇವರಿಗೂ ಗೊತ್ತಿತ್ತು," ಅಂದಳು. "ನಾ ಒಬ್ಬಾಕಿನ ಹುಚ್ಚಿ ಹಂಗ ಆ ಹಗ್ಗಕ್ಕ ಬೈಕೋತ ಕುಂತಿದ್ದೆ."

ಅಳಲಿಲ್ಲ. ಕೂಗಾಡಲೂ ಇಲ್ಲ. ಸಂಗಮೇಶ, "ಪಾರೂ, ದೀಪಾವಳಿಗೆ ಹೋಗೂಣು, ನಾಳೆನ ಬಸ್ಸಿಗೆ..." ಅಂತ ಶುರುಮಾಡಿದ. ಅವಳು ಅದು ಕೇಳಿಸಿದ ಹಾಗೇ ತೋರಿಸಲಿಲ್ಲ. ಗೋಡೆಗೆ ಒರಗಿಸಿದ್ದ ಚಾಪೆಯನ್ನು ತಂದು ಹಾಸಿದಳು. ಎರಡು ತಾಟು ಇಟ್ಟಳು.

"ಕುಂದರ್ರಿ ಅಕ್ಕಾರ. ನೀವೂ ಕುಂದರ್ರಿ. ರೊಟ್ಟಿ ಬಿಸಿ ಅದಾವ, ಉಣ್ರಿ."

"ಬೇಡಮ್ಮ, ಕೆಳಗೆ ಅಡುಗೆ..." ಅಂದಳು ಗೌರಮ್ಮ.

"ಕುಂದರ್ರಿ," ಅಂದಳು ಪಾರವ್ವ.

ಇಬ್ಬರೂ ಕೂತರು. ಪಾರವ್ವ ರೊಟ್ಟಿ ಹಾಕಿದಳು, ಎಣ್ಣೆಗಾಯಿ ಹಾಕಿದಳು, ಶೇಂಗಾ ಚಟ್ನಿಪುಡಿಯ ಮೇಲೆ ಮೊಸರು ಹಾಕಿದಳು. ಗೌರಮ್ಮ ರೊಟ್ಟಿ ಮುರಿದು ಮುರಿದು ನುಂಗಿದಳು. ಪಕ್ಕದಲ್ಲಿ ಸಂಗಮೇಶನೂ ತಾಟಿನಿಂದ ಕಣ್ಣೆತ್ತಲಿಲ್ಲ. ಅದು ಮುಗಿಯುತ್ತಲೇ ಇನ್ನೊಂದು ರೊಟ್ಟಿ ಬಂತು, ಅದರ ಮೇಲೆ ಮತ್ತೊಂದು ಬಂತು. ಸಾಕು ಅನ್ನುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಪಾರವ್ವ ಬಡಿಸುತ್ತಲೇ ಇದ್ದಳು, ಅವರಿಬ್ಬರೂ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದರು.